ಭೂಮಿತಾಯಿಗೂ ಸೊಪ್ಪು, ಮನೆಯ ಸೊಸೆಗೂ ಸೊಪ್ಪು



ಇಂದಿನ ಮಾತು ಹಿತ್ತಲಿನದು. ಹೊಸದಾಗಿ ಸಂಸಾರ ಹೂಡಿದ ಗಂಡಹೆಂಡಿರಿಗೆ ಮುಖ್ಯವಾಗಿ ಈ ಮಾತು. ಆದರೆ ಮನೆಯ ಅತ್ತೆಮಾವಂದಿರೂ ಕಿವಿಗೊಟ್ಟು ಕೇಳಬೇಕು. ಹಿರಿಯರ ಒಪ್ಪಿಗೆ ಇಲ್ಲದೆ ಹಿತ್ತಲಲ್ಲಿ ಒಂದು ಗುದ್ದಲಿ ಮಣ್ಣೂ ಮೇಲೇಳುವುದಿಲ್ಲ ಅನ್ನೋದು ನಮಗೆಲ್ಲ ಗೊತ್ತಿರುವ ಸಂಗತಿಯೇ.

ಆಶ್ವಯುಜ ಮಾಸದ ಹುಣ್ಣಿಮೆಯನ್ನು ನಮ್ಮ ಮಲೆನಾಡಿನ ಸಾಗರ, ಸೊರಬದ ಕಡೆ ಭೂಮಿ ಹುಣ್ಣಿಮೆ ಅಂತ ಕರೀತಾರೆ. ಉತ್ತರ ಕರ್ನಾಟಕದ ಬಯಲಿನಲ್ಲಿ ಅದೇ ದಿನ ಸೀಗಿ ಹುಣ್ಣಿಮೆ. ಆಗ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಪೈರು ಹೊತ್ತ ಭೂಮಿಯನ್ನು ನಮ್ಮ ಜನ ಬಸುರಿ ಹೆಣ್ಣುಮಗಳೆಂದು ಭಾವಿಸಿ, ಅವಳ ಬಯಕೆ ತೀರಿಸುತ್ತಾರೆ. ರಾತ್ರಿಯೆಲ್ಲ ಎದ್ದಿದ್ದು ಅಡಿಗೆ ಮಾಡಿ, ಹತ್ತಾರು ಬಗೆಯ ಸೊಪ್ಪು ತಂದು ಬೇಯಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಬೀರುತ್ತಾರೆ. ಬಸುರಿಗೆ ಸೊಪ್ಪು ಬೇಕು, ಬಗೆಬಗೆಯ ಊಟ ಬೇಕು ಅನ್ನುವ ತಿಳುವಳಿಕೆ ಈ ಹಬ್ಬದಲ್ಲೇ ಇದೆ.

ಈಗ ನಾನೊಂದು ಮಾತು ಕೇಳ್ತೀನಿ, ಬೇಸರ ಮಾಡಿಕೊಳ್ಳಬೇಡಿ. ಗದ್ದೆಯಲ್ಲಿರುವ ಬಸುರಿಗೆ ಹತ್ತಾರು ಬಗೆಯ ಸೊಪ್ಪು ಉಣ್ಣಿಸಿದ ಮನೆಯಲ್ಲಿ, ಅಡಿಗೆಮನೆಯಲ್ಲಿರುವ ಬಸುರಿಯ ತಟ್ಟೆಗೆ ಆ ದಿನ ಎಷ್ಟು ಸೊಪ್ಪು ಬಿತ್ತು? ಮಾರನೆಯ ದಿನ ಎಷ್ಟು? ಬಹಳ ಮನೆಗಳಲ್ಲಿ ಸೊಸೆ ಉಣ್ಣುವುದು ಎಲ್ಲರದೂ ಆದ ಮೇಲೆ. ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆಮಾವ ಉಂಡು, ಆಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರು, ಅನ್ನ ಅವಳಿಗೆ. ಇದು ಯಾರ ದುಷ್ಟತನವೂ ಅಲ್ಲ, ರೂಢಿ. ಆದರೆ ಈ ರೂಢಿಯ ಲೆಕ್ಕ ರಕ್ತದಲ್ಲಿ ಕಾಣಿಸುತ್ತದೆ.

2019ರಿಂದ 2021ರವರೆಗೆ ದೇಶದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆ ಎಂದರೆ ರಕ್ತದಲ್ಲಿ ಉಸಿರನ್ನು ಹೊರುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ಕಡಿಮೆಯಾಗುವುದು. ಗರ್ಭಿಣಿಯ ರಕ್ತದಲ್ಲಿ ಇದು 11 ಗ್ರಾಂಗಿಂತ ಕೆಳಗಿಳಿಯಬಾರದು. ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುವ ಅಂಕಿ ಇದೇ. ಇದು ಕಡಿಮೆಯಾದರೆ ಆಯಾಸ, ಏದುಸಿರು, ತಲೆಸುತ್ತು. ತೀರ ಕಡಿಮೆಯಾದರೆ ಮಗು ತೂಕವಿಲ್ಲದೆ ಹುಟ್ಟಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು. ಹೆರಿಗೆಯಲ್ಲಿ ರಕ್ತ ಹೋದಾಗ ತಾಯಿಯ ಜೀವಕ್ಕೇ ಅಪಾಯ ಬರಬಹುದು. ಆದುದರಿಂದ ಇದು ನಾಲಿಗೆಯ ರುಚಿಯ ಮಾತಲ್ಲ, ಜೀವದ ಮಾತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ತಿಳಿದಿರಲಿ. ಕೈತೋಟ ಮಾಡಿದೆವು, ಇನ್ನು ಮಾತ್ರೆ ಬೇಡ ಅನ್ನಕೂಡದು. ಸರ್ಕಾರದ ಆರೋಗ್ಯ ಕೇಂದ್ರದಲ್ಲಿ ಕೊಡುವ ಒಂದು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. 100 ಗ್ರಾಂ ನುಗ್ಗೆಸೊಪ್ಪಿನಲ್ಲೋ ಹರಿವೆ ಸೊಪ್ಪಿನಲ್ಲೋ ಇರುವುದು ಸುಮಾರು ನಾಲ್ಕೈದು ಮಿಲಿಗ್ರಾಂ. ಅದರಲ್ಲಿಯೂ ಮೈಗೆ ಹತ್ತುವುದು ಸ್ವಲ್ಪವೇ. ಗರ್ಭಿಣಿಯು ನಾಲ್ಕನೆಯ ತಿಂಗಳಿಂದ ದಿನಕ್ಕೊಂದು ಮಾತ್ರೆಯಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳತಕ್ಕದ್ದು. ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ. ಅದಕ್ಕೆ ಹೆದರಿ ನಿಲ್ಲಿಸಬೇಡಿ.

ಹಾಗಾದರೆ ಸೊಪ್ಪು ಯಾಕೆ ಅಂತೀರಾ? ಮಾತ್ರೆ ಕೊಡುವುದು ಒಂದೆರಡು ವಸ್ತು. ಸೊಪ್ಪು ತರಕಾರಿ ಕೊಡುವುದು ಹಲವು: ಎ ಜೀವಸತ್ವ, ಸಿ ಜೀವಸತ್ವ, ಫೋಲೇಟ್, ಸುಣ್ಣದ ಅಂಶ, ನಾರು. ಮಾತ್ರೆಯಿಂದ ಕೆಲವರಿಗೆ ಮಲಬದ್ಧತೆ ಆಗುತ್ತದಲ್ಲ, ಅದಕ್ಕೂ ನಾರು ಒಳ್ಳೆಯ ಉಪಾಯ. ಇನ್ನೊಂದು ಮುಖ್ಯ ಮಾತು ಹೊಸ ದಂಪತಿಗಳಿಗೆ. ಗರ್ಭ ನಿಂತ ಮೊದಲ ತಿಂಗಳಲ್ಲೇ, ಎಷ್ಟೋ ಸಲ ತಾಯಿಗೆ ಅನುಮಾನ ಬರುವ ಮೊದಲೇ, ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಬುನಾದಿ ಬೀಳುತ್ತದೆ. ಅದಕ್ಕೆ ಬೇಕಾದದ್ದು ಫೋಲೇಟ್. ಆದುದರಿಂದ ಬಸುರಾದ ಮೇಲೆ ಊಟ ಸುಧಾರಿಸೋಣ ಅಂದರೆ ತಡವಾಯಿತು. ಮದುವೆಯಾದ ವರ್ಷವೇ ಹಿತ್ತಲು ಹಸಿರಾಗಬೇಕು. ಮಗು ಬೇಕೆಂದಿರುವವರು ಫೋಲಿಕ್ ಆಮ್ಲದ ಮಾತ್ರೆಯನ್ನು ಮೊದಲೇ ವೈದ್ಯರಲ್ಲಿ ಕೇಳಿ ತೆಗೆದುಕೊಳ್ಳಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಒಬ್ಬ ವಯಸ್ಕರಿಗೆ ದಿನಕ್ಕೆ ಸೊಪ್ಪು, ತರಕಾರಿ ಎಲ್ಲ ಸೇರಿ 400 ಗ್ರಾಂ ಬೇಕು ಅನ್ನುತ್ತಾರೆ. ಐದು ಜನರ ಮನೆಗೆ ಅದು ಎರಡು ಕಿಲೋ ಆಯಿತು. ಸಂತೆಯಲ್ಲಿ ಕೊಂಡು ಇಷ್ಟು ತಿನ್ನಲು ಎಲ್ಲರ ಕೈಯಲ್ಲೂ ಆಗದು. ವಾರದ ಸಂತೆಯಿಂದ ತಂದ ಸೊಪ್ಪು ಮೂರನೆಯ ದಿನಕ್ಕೆ ಹಳದಿ. ಹಿತ್ತಲಲ್ಲಿ ಬೆಳೆದರೆ ಮಾತ್ರ ನಿತ್ಯ ಹಸಿರು ತಟ್ಟೆಗೆ ಬಂದೀತು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಇದೆಯಷ್ಟೆ. ಮದ್ದಲ್ಲದಿದ್ದರೆ ಬೇಡ, ಊಟವಾಗಲಿ. ಊಟ ಸರಿಯಿದ್ದರೆ ಮದ್ದಿನ ಖರ್ಚೂ ತಗ್ಗೀತು.

ಈಗ ಕೆಲಸಕ್ಕೆ ಬರೋಣ. ಶರತ್ಕಾಲವೇ ಯಾಕೆ? ಮುಂಗಾರಿನ ಜಡಿಮಳೆ ಹಿಂದೆ ಸರಿಯುತ್ತಿರುತ್ತದೆ. ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತ, ಸ್ವಾತಿ ಮಳೆಗಳು ಬಿಟ್ಟುಬಿಟ್ಟು ಬರುತ್ತವೆ. ಮಣ್ಣಿನಲ್ಲಿ ಹಸಿ ಇದೆ, ಬಾವಿಯಲ್ಲಿ ನೀರಿದೆ, ಬಿಸಿಲು ಹದವಾಗಿದೆ, ರಾತ್ರಿ ತಂಪು ಶುರುವಾಗಿದೆ. ಟೊಮೆಟೊ, ಬದನೆ, ಹುರುಳಿಕಾಯಿ, ಮೆಂತ್ಯ, ಮೂಲಂಗಿ ಇವೆಲ್ಲ ಈ ಹವೆಯನ್ನು ಮೆಚ್ಚುತ್ತವೆ. ಗದ್ದೆಯಲ್ಲಿ ಕೊಯ್ಲು ಇನ್ನೂ ದೂರ ಇರುವುದರಿಂದ ಗಂಡಸರ ಕೈಗೂ ಸ್ವಲ್ಪ ಬಿಡುವು ಇದೆ.

ದಿನ ನೆನಪಿಡಲು ಪಂಚಾಂಗ ಬೇಕಿಲ್ಲ, ಹಬ್ಬಗಳೇ ಸಾಕು. ಹಿರಿಯರು ಸಸ್ಯಶಾಸ್ತ್ರ ನೋಡಿ ಹಬ್ಬ ಇಟ್ಟರೆಂದು ನಾನು ಹೇಳುವುದಿಲ್ಲ. ಹಬ್ಬಗಳ ನಡುವಿನ ಅಂತರ ಮತ್ತು ಗಿಡಗಳ ವಯಸ್ಸು ಚೆನ್ನಾಗಿ ಹೊಂದಿಕೊಳ್ಳುತ್ತವೆ, ಅದನ್ನು ನಾವು ಬಳಸಿಕೊಳ್ಳೋಣ ಅಷ್ಟೆ. ನಿಮ್ಮ ಮನೆಯ ಧರ್ಮ, ಹಬ್ಬ ಬೇರೆಯಾಗಿದ್ದರೆ ದಿನಗಳ ಲೆಕ್ಕವನ್ನು ಹಿಡಿಯಿರಿ, ಗಿಡಕ್ಕೆ ಭೇದವಿಲ್ಲ. ನವರಾತ್ರಿ 2023ರಲ್ಲಿ ಅಕ್ಟೋಬರ್ 15ಕ್ಕೆ, 2024ರಲ್ಲಿ ಅಕ್ಟೋಬರ್ 3ಕ್ಕೆ, 2025ರಲ್ಲಿ ಸೆಪ್ಟೆಂಬರ್ 22ಕ್ಕೆ ಶುರುವಾಯಿತು. ಹೀಗೆ ಹಿಂದೆ ಮುಂದೆ ಆಗುವುದರಿಂದ ಹಬ್ಬ ಬೇಗ ಬಂದ ವರ್ಷ ಸಸಿಮಡಿಗೆ ಮಳೆಯ ಮರೆ ಕಟ್ಟಬೇಕು ಅನ್ನುವುದನ್ನು ಮರೆಯಬೇಡಿ.

ಮೊದಲನೆಯದು ಮಹಾಲಯ ಅಮಾವಾಸ್ಯೆಯ ವಾರ. ಹಿರಿಯರನ್ನು ನೆನೆಯುವ ಈ ವಾರದಲ್ಲಿ ಮನೆಯ ಹಿರಿಯರನ್ನೇ ಹಿತ್ತಲಿಗೆ ಕರೆದುಕೊಂಡು ಹೋಗಿ ಜಾಗ ಗೊತ್ತು ಮಾಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಮೊದಲ ವರ್ಷಕ್ಕೆ 20 ಅಡಿ ಉದ್ದ, 10 ಅಡಿ ಅಗಲ ಸಾಕು. ದೊಡ್ಡದು ಮಾಡಿ ಕಳೆ ಬೆಳೆಸುವುದಕ್ಕಿಂತ ಚಿಕ್ಕದು ಮಾಡಿ ಸೊಪ್ಪು ಬೆಳೆಸುವುದು ಮೇಲು. 20 ಅಡಿ ಉದ್ದಕ್ಕೆ 3 ಅಡಿ ಅಗಲದ ಐದು ಮಡಿ ಮಾಡಿ, ನಡುವೆ ಒಂದೂಕಾಲು ಅಡಿಯ ನಾಲ್ಕು ಕಾಲುದಾರಿ ಬಿಡಿ. ಮಡಿ 3 ಅಡಿಗಿಂತ ಅಗಲ ಆಗಕೂಡದು. ಎರಡು ಬದಿಯಿಂದಲೂ ಕೈ ನಡುವಿಗೆ ಮುಟ್ಟಬೇಕು, ಮಡಿಯ ಮೇಲೆ ಕಾಲಿಡಬಾರದು. ನಮ್ಮ ಮಲೆನಾಡಿನಲ್ಲಿ ನೀರು ನಿಲ್ಲುವುದರಿಂದ ಮಡಿಯನ್ನು ಅರ್ಧ ಅಡಿ ಎತ್ತರಿಸಿ.

ಒಂದೊಂದು ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ಅಂದರೆ ಸುಮಾರು 10 ಕಿಲೋ ಸೇರಿಸಿ. ಹಸಿ ಸಗಣಿ ಹಾಕಬೇಡಿ. ಬೇರು ಸುಡುತ್ತದೆ, ಗೊಣ್ಣೆಹುಳು ಬರುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿಯ ಗುಣದ್ದು. ಮಡಿಗೆ ಎರಡು ಮೂರು ಹಿಡಿ ಒಲೆಬೂದಿ ಎರಚಿದರೆ ಹುಳಿ ಸ್ವಲ್ಪ ತಗ್ಗುತ್ತದೆ, ಪೊಟ್ಯಾಷೂ ಸಿಗುತ್ತದೆ. ಆದರೆ ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಗೊಬ್ಬರದ ಗುಂಡಿಯಲ್ಲಿ ಸಗಣಿಯ ಜೊತೆ ಬೆರೆಸಕೂಡದು. ಬೆರೆಸಿದರೆ ಸಗಣಿಯ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಮೂಗಿಗೆ ಬರುವ ಘಾಟು ಅದೇ.

ಎರಡನೆಯದು ನವರಾತ್ರಿಯ ಪಾಡ್ಯ. ಹಲವು ಮನೆಗಳಲ್ಲಿ ಅಂದು ಘಟ ಇಟ್ಟು, ಸುತ್ತ ಮಣ್ಣಿನಲ್ಲಿ ಧಾನ್ಯ ಬಿತ್ತಿ, ಒಂಬತ್ತು ದಿನ ಮೊಳಕೆ ನೋಡುತ್ತಾರೆ. ಮೊಳಕೆ ಚೆನ್ನಾಗಿ ಬಂದರೆ ವರ್ಷ ಚೆನ್ನ ಅನ್ನುವ ನಂಬಿಕೆ. ಅದೇ ಕೈಯಲ್ಲಿ ತರಕಾರಿ ಬೀಜದ ಪರೀಕ್ಷೆಯನ್ನೂ ಮಾಡಿಬಿಡಿ. ಪ್ರತಿಯೊಂದು ಬಗೆಯ 20 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಟ್ಟೆ ಒಣಗಲು ಬಿಡಬೇಡಿ. 16ರ ಮೇಲೆ ಮೊಳೆತರೆ ಬೀಜ ಒಳ್ಳೆಯದು. 12ಕ್ಕಿಂತ ಕಡಿಮೆ ಆದರೆ ಬೇರೆ ಬೀಜ ತನ್ನಿ.

ಅದೇ ದಿನ 3 ಅಡಿ ಚೌಕದ ಸಣ್ಣ ಸಸಿಮಡಿಯಲ್ಲಿ ಟೊಮೆಟೊ, ಬದನೆ, ಮೆಣಸಿನ ಬೀಜ ಬಿತ್ತಿ. ಸಾಲಿಗೆ ಸಾಲು ಎರಡು ಅಂಗುಲ ಇರಲಿ. ಮೇಲೆ ತೆಳ್ಳಗೆ ಪುಡಿಗೊಬ್ಬರ, ಅದರ ಮೇಲೆ ಹುಲ್ಲು ಹಾಸಿ. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಬೇಕು, ಇಲ್ಲದಿದ್ದರೆ ಸಸಿ ಬೆಳ್ಳಗೆ ನೀಳವಾಗಿ ಬೀಳುತ್ತದೆ. ನೀರು ಹೆಚ್ಚಾದರೆ ಬುಡ ಕೊಳೆತು ಸಸಿಗಳು ಒಂದರ ಮೇಲೊಂದು ಮಲಗುತ್ತವೆ; ಆದುದರಿಂದ ಬೆಳಿಗ್ಗೆ ಮಾತ್ರ, ಹೂವಿನ ಝಾರಿಯಲ್ಲಿ ಹಗುರವಾಗಿ ನೀರು ಕೊಡಿ.

ಯಾವ ಬೀಜ? ಮಲೆನಾಡಿನ ಮಣ್ಣಿನಲ್ಲಿ ಟೊಮೆಟೊ, ಬದನೆಗೆ ದೊಡ್ಡ ಶತ್ರು ದುಂಡಾಣು ಸೊರಗು ರೋಗ. ಹಸಿರಾಗಿಯೇ ನಿಂತ ಗಿಡ ಇದ್ದಕ್ಕಿದ್ದಂತೆ ಜೋತುಬೀಳುತ್ತದೆ. ಈ ರೋಗಕ್ಕೆ ಔಷಧ ಹುಡುಕುವುದಕ್ಕಿಂತ ತಡೆಯುವ ಶಕ್ತಿಯಿರುವ ತಳಿ ಹಾಕುವುದು ಜಾಣತನ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಕೊಟ್ಟ ಬದನೆಯಲ್ಲಿ ಅರ್ಕಾ ನಿಧಿ, ಅರ್ಕಾ ಕೇಶವ, ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಇಂಥವು. ಅರ್ಕಾ ರಕ್ಷಕ್ ಮಿಶ್ರತಳಿ. ಅದರ ಬೀಜ ಉಳಿಸಿಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ, ಪ್ರತಿ ಸಲ ಹೊಸ ಬೀಜ ಕೊಳ್ಳಬೇಕು. ಅರ್ಕಾ ನಿಧಿ, ಅರ್ಕಾ ಕೇಶವ ಬದನೆ, ನಿಮ್ಮ ಮನೆಯ ಹಳೆಯ ಹರಿವೆ, ಅವರೆ ಇವುಗಳ ಬೀಜವನ್ನು ನೀವೇ ಉಳಿಸಿಕೊಳ್ಳಬಹುದು. ಬೀಜದ ವಿಚಾರಕ್ಕೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಇಲ್ಲವೆ ತೋಟಗಾರಿಕೆ ಇಲಾಖೆಯನ್ನು ಕೇಳಿ.

ಮೂರನೆಯದು ಆಯುಧಪೂಜೆ ಮತ್ತು ವಿಜಯದಶಮಿ. ಗುದ್ದಲಿ, ಕುಡುಗೋಲು ತೊಳೆದು ಪೂಜೆ ಮಾಡಿದ ಮೇಲೆ ಮಾರನೆಯ ದಿನ ಅವನ್ನು ಹಿಡಿದು ಸೊಪ್ಪಿನ ಮಡಿಗೆ ಇಳಿಯಿರಿ. ಹರಿವೆ, ಮೆಂತ್ಯ, ಪಾಲಕ್, ಮೂಲಂಗಿಗಳನ್ನು ನೇರವಾಗಿ ಬಿತ್ತಬೇಕು. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಿಟಿಕೆ ಬೀಜಕ್ಕೆ ಒಂದೆರಡು ಹಿಡಿ ನುಣ್ಣನೆ ಮರಳು ಬೆರೆಸಿ ಎರಚಿದರೆ ಒಂದೇ ಕಡೆ ಬೀಳುವುದಿಲ್ಲ. ಇರುವೆ ಹೊತ್ತೊಯ್ಯದಂತೆ ಮಡಿಯ ಸುತ್ತ ಬೂದಿಯ ಗೆರೆ ಎಳೆಯಿರಿ.

ಇಡೀ ಮಡಿಗೆ ಒಂದೇ ದಿನ ಬಿತ್ತಬೇಡಿ. ಇದು ಬಹಳ ಮಂದಿಯ ಕೈತೋಟ ಸೋಲುವ ಜಾಗ. ಒಂದೇ ಸಲ ರಾಶಿ ಸೊಪ್ಪು ಬರುತ್ತದೆ, ಹಂಚಿ ಮುಗಿಯುತ್ತದೆ, ಆಮೇಲೆ ತಿಂಗಳು ಖಾಲಿ. ಎರಡು ಮಡಿಯನ್ನು ನಾಲ್ಕು ಅರ್ಧ ಮಾಡಿ, ಹತ್ತು ಹತ್ತು ದಿನಕ್ಕೆ ಒಂದೊಂದು ಅರ್ಧ ಬಿತ್ತಿ. ಒಂದು ಅರ್ಧ ಮಡಿಯಿಂದ ಒಂದರಿಂದ ಒಂದೂವರೆ ಕಿಲೋ ಹರಿವೆ ಕೀಳಬಹುದು. ಐದು ಜನಕ್ಕೆ ತಲೆಗೆ 100 ಗ್ರಾಂನಂತೆ ಎರಡು ಮೂರು ದಿನದ ಸೊಪ್ಪು. ಉಳಿದ ದಿನಗಳಿಗೆ ಬೇಲಿಯ ಮೇಲೆ ಬಸಳೆ, ಮೂಲೆಯಲ್ಲಿ ಚಕ್ರಮುನಿ, ನುಗ್ಗೆ ಇರಬೇಕು. ಇವು ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಡುವ ಗಿಡಗಳು. ಕಾರ್ತಿಕದ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನುಗ್ಗೆ, ಪಪಾಯಿ, ಬಸಳೆ ಚಪ್ಪರಗಳನ್ನು ತೋಟದ ಉತ್ತರದ ಅಂಚಿಗೆ ಇಡಿ. ನೆರಳು ಮಡಿಯ ಮೇಲೆ ಬೀಳದು.

ನಾಲ್ಕನೆಯದು ದೀಪಾವಳಿ. ಪಾಡ್ಯಕ್ಕೆ ಬಿತ್ತಿದ ಟೊಮೆಟೊ ಸಸಿಗೆ ನರಕ ಚತುರ್ದಶಿಯ ಹೊತ್ತಿಗೆ ಸುಮಾರು 28 ದಿನ. ನಾಟಿಗೆ ಇದೇ ಹದ. ಗೋಪೂಜೆ ಮುಗಿಸಿ, ಬಿಸಿಲು ಇಳಿದ ಮೇಲೆ ಸಂಜೆ ನೆಡಿ. ಒಂದು ಮಡಿಗೆ ಎರಡು ಸಾಲು, ಸಾಲಿಗೆ ಆರು ಗಿಡ, ಒಟ್ಟು ಹನ್ನೆರಡು ಸಾಕು. ಗಿಡಕ್ಕೆ ಎರಡು ಕಿಲೋ ಬಂದರೂ 24 ಕಿಲೋ ಆಯಿತು. ಬದನೆ, ಮೆಣಸಿನ ಸಸಿಗಳು ನಿಧಾನ. ಅವನ್ನು ಹತ್ತು ಹನ್ನೆರಡು ದಿನ ಬಿಟ್ಟು, ತುಳಸಿ ಹಬ್ಬದ ಹೊತ್ತಿಗೆ ನಾಲ್ಕನೆಯ ಮಡಿಯಲ್ಲಿ ನೆಡಬಹುದು. ಐದನೆಯ ಮಡಿಗೆ ಹುರುಳಿಕಾಯಿ. ಅರ್ಕಾ ಕೋಮಲ್ ಗಿಡ್ಡ ತಳಿ, ಕೋಲು ಬೇಡ. ಹುರುಳಿಕಾಯಿಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಮುಂದಿನ ಸಲ ಅದೇ ಮಡಿಗೆ ಸೊಪ್ಪು ಹಾಕಿ. ಟೊಮೆಟೊ ಬೆಳೆದ ಮಡಿಗೆ ಬದನೆ, ಮೆಣಸು ಹಾಕಬೇಡಿ, ಅವು ಒಂದೇ ಕುಲ, ರೋಗವೂ ಒಂದೇ.

ಐದನೆಯದು ಉತ್ಥಾನ ದ್ವಾದಶಿ, ನಮ್ಮ ತುಳಸಿ ಹಬ್ಬ. ವಿಜಯದಶಮಿಗೆ ಬಿತ್ತಿದ ಹರಿವೆಗೆ ಅಂದಿಗೆ ಸುಮಾರು 32 ದಿನ, ಮೆಂತ್ಯಕ್ಕೂ ಅಷ್ಟೇ. ಮೊದಲ ಕೊಯ್ಲು ಆಗಿಯೇ ಇರುತ್ತದೆ. ಆ ದಿನ ತುಳಸಿಯ ಪಕ್ಕ ಕಾಯಿ ಬಿಟ್ಟ ನೆಲ್ಲಿಯ ಕೊಂಬೆ ನೆಟ್ಟು ಮದುವೆ ಮಾಡುತ್ತೇವಲ್ಲ, ಆ ನೆಲ್ಲಿಕಾಯಿಯನ್ನು ಸ್ವಲ್ಪ ಗಮನಿಸಿ. ಅದರಲ್ಲಿ ಸಿ ಜೀವಸತ್ವ ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು. ಸೊಪ್ಪಿನಲ್ಲಿರುವ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ ಅಂದೆನಲ್ಲ, ಅದನ್ನು ಹತ್ತಿಸುವುದು ಈ ಸಿ ಜೀವಸತ್ವ. ಸೊಪ್ಪಿನ ಪಲ್ಯದ ಜೊತೆ ಒಂದು ನೆಲ್ಲಿಕಾಯಿ ಚಟ್ನಿ, ಇಲ್ಲವೆ ಪಲ್ಯ ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ಅರ್ಧ ಹೋಳು ನಿಂಬೆ, ಇಷ್ಟೇ ಉಪಾಯ. ಒಲೆಯ ಮೇಲಿರುವಾಗಲೇ ಹಿಂಡಿದರೆ ಕಾವಿಗೆ ಸತ್ವ ಕೆಡುತ್ತದೆ. ಊಟವಾದ ಕೂಡಲೆ ಚಹಾ, ಕಾಫಿ ಕುಡಿದರೆ ಅದು ಕಬ್ಬಿಣವನ್ನು ತಡೆಯುತ್ತದೆ. ಒಂದು ಗಂಟೆಯಾದರೂ ಬಿಡಿ. ಕಬ್ಬಿಣದ ಮಾತ್ರೆ ಮತ್ತು ಸುಣ್ಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಇರಲಿ.

ಇನ್ನು ಮನೆಯೊಳಗಿನ ಮಾತು. ಕೈತೋಟ ಅಂದ ಕೂಡಲೆ ಅದು ಹೆಂಗಸರ ಕೆಲಸ ಅನ್ನುವವರಿದ್ದಾರೆ. ಮಳೆ ನಿಂತ ಮೇಲೆ ಈ ಐದು ಮಡಿಗೆ ದಿನಕ್ಕೆ ನಾಲ್ಕೈದು ಕೊಡ ನೀರು ಬೇಕು. ಬಸುರಿ ಹೆಂಡತಿ ಬಾವಿಯಿಂದ ಸೇದಿ, ಸೊಂಟದ ಮೇಲಿಟ್ಟು ಹೊರುವ ನೀರಲ್ಲ ಇದು. ಅಗೆಯುವುದು, ಗೊಬ್ಬರ ಹೊರುವುದು, ನೀರು ಹಾಕುವುದು ಗಂಡನ ಕೆಲಸ. ಬೀಜ ಎಣಿಸುವುದು, ಸೊಪ್ಪು ಬಿಡಿಸುವುದು, ಯಾವ ಮಡಿಗೆ ಏನು ಅಂತ ಲೆಕ್ಕ ಇಡುವುದು ಹೆಂಡತಿಗಿರಲಿ. ಮಡಿಯ ಮೇಲೆ ಒಣಗಿದ ಎಲೆ ಹಾಸಿದರೆ ನೀರು ಕಡಿಮೆ ಸಾಕು. ಬಚ್ಚಲ ನೀರನ್ನು ಜಲ್ಲಿ ತುಂಬಿದ ಸಣ್ಣ ಗುಂಡಿಯ ಮೂಲಕ ಹಾಯಿಸಿ ಬಾಳೆಗೆ, ನುಗ್ಗೆಗೆ ಬಿಡಿ; ಹಸಿಯಾಗಿ ತಿನ್ನುವ ಸೊಪ್ಪಿಗೆ ಬಿಡಕೂಡದು.

ಹುಳು ಬಂದರೆ ಏನು ಮಾಡೋಣ? ತಿನ್ನುವ ಸೊಪ್ಪಿಗೆ ವಿಷ ಬೇಡವೇ ಬೇಡ. ಬೆಳಿಗ್ಗೆ ಒಂದು ಸುತ್ತು ಹಾಕಿ ಎಲೆ ಸುತ್ತಿಕೊಂಡ ಹುಳುವನ್ನು ಕೈಯಿಂದ ತೆಗೆಯಿರಿ. ಬದನೆಯ ಕುಡಿ ಬಾಡಿದ್ದರೆ ಒಳಗೆ ಕೊರಕ ಇದೆ ಎಂದು ತಿಳಿದು, ಕುಡಿ ಕತ್ತರಿಸಿ ಸುಟ್ಟುಬಿಡಿ. ಹೆಚ್ಚಾದರೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಶೋಧಿಸಿ, ಚೂರು ಸೋಪು ಕದಡಿ ಸಂಜೆ ಸಿಂಪಡಿಸಿ. ಗದ್ದೆಗೆ, ಅಡಿಕೆ ತೋಟಕ್ಕೆ ಕಳೆನಾಶಕ ಹೊಡೆದ ಪಂಪನ್ನು ಹಿತ್ತಲಿಗೆ ತರಲೇಬಾರದು. ತಳದಲ್ಲಿ ಉಳಿದ ಹನಿ ಸಾಕು, ತೋಟ ಸುಡುತ್ತದೆ. ಔಷಧದ ಡಬ್ಬಿಗಳನ್ನು ಅಡಿಗೆಮನೆಯ ಹತ್ತಿರ ಇಡಬೇಡಿ, ಬಸುರಿಯ ಕೈಗೆ ಕೊಡಬೇಡಿ. ಮಂಗಗಳ ಕಾಟದ ಊರಾದರೆ ಕಾಯಿಗಿಂತ ಸೊಪ್ಪಿಗೆ ಹೆಚ್ಚು ಜಾಗ ಕೊಡಿ. ಟೊಮೆಟೊದಷ್ಟು ಅದರ ಮೇಲೆ ಅವುಗಳ ಕಣ್ಣಿರುವುದಿಲ್ಲ. ಕೋಳಿಗೆ ಬೇಲಿ ಬೇಕು.

ಅತ್ತೆಯಂದಿರಿಗೆ ಒಂದು ವಿನಂತಿ. ಸೊಪ್ಪು ಶೀತ, ನುಗ್ಗೆ ಉಷ್ಣ, ಬಾಣಂತಿಗೆ ತರಕಾರಿ ಕೂಡದು ಅಂತ ಹೇಳುವ ಪಥ್ಯ ನಮ್ಮಲ್ಲಿ ಇದೆ. ಬಲಿಯದ ಪಪಾಯಿ ಕಾಯಿಯನ್ನು ಬಸುರಿಗೆ ಕೊಡಬೇಡಿ ಅನ್ನುವ ನಿಮ್ಮ ಮಾತು ಸರಿ. ಅದರ ಹಾಲಿನಂಥ ರಸ ಗರ್ಭಕೋಶವನ್ನು ಕೆರಳಿಸಬಹುದು. ಆದರೆ ಬೇಯಿಸಿದ ಹರಿವೆಗೂ, ಹದವಾಗಿ ತಿನ್ನುವ ನುಗ್ಗೆಸೊಪ್ಪಿಗೂ ಅಂಥ ದೋಷವಿಲ್ಲ. ಸಂಶಯವಿದ್ದರೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ, ಸೊಸೆಯ ತಟ್ಟೆಯಿಂದ ಮಾತ್ರ ತೆಗೆಯಬೇಡಿ. ನಿಮ್ಮ ಮನೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿ: ಸೊಪ್ಪಿನ ಪಲ್ಯವಾದ ಕೂಡಲೆ, ಯಾರಿಗೂ ಬಡಿಸುವ ಮೊದಲು, ಅವಳ ಪಾಲನ್ನು ಒಂದು ಬಟ್ಟಲಲ್ಲಿ ತೆಗೆದಿಡಿ. ದೇವರಿಗೆ ನೈವೇದ್ಯ ಮೊದಲು ತೆಗೆದಿಡುವುದಿಲ್ಲವೇ? ಹೊಟ್ಟೆಯಲ್ಲಿ ಮನೆಯ ಮುಂದಿನ ತಲೆಮಾರನ್ನು ಹೊತ್ತವಳಿಗೂ ಹಾಗೆಯೇ. ಅತ್ತೆ ಬಟ್ಟಲು ತೆಗೆದಿಟ್ಟರೆ ಮನೆಯಲ್ಲಿ ಯಾರೂ ಎದುರು ಆಡುವುದಿಲ್ಲ. ಗಂಡ ಹೇಳಿದರೆ ಮಾತು ಬರುತ್ತದೆ, ಸೊಸೆ ತಾನೇ ಬಡಿಸಿಕೊಂಡರೆ ಇನ್ನೂ ಹೆಚ್ಚು ಮಾತು ಬರುತ್ತದೆ. ಆದುದರಿಂದ ಈ ಕೆಲಸ ನಿಮ್ಮದೇ.

ಕೊನೆಯದಾಗಿ ಬೀಜದ ಮಾತು. ಹರಿವೆಯ ಮಡಿಯಲ್ಲಿ ಅತಿ ಚೆನ್ನಾಗಿ ಬಂದ ನಾಲ್ಕೈದು ಗಿಡಗಳಿಗೆ ಒಂದು ದಾರ ಕಟ್ಟಿ, ಅವನ್ನು ಕೀಳದೆ ಬಿಡಿ. ತೆನೆ ಬಲಿತು ಒಣಗಿದ ಮೇಲೆ ಉಜ್ಜಿ, ಕೇರಿ, ನೆರಳಲ್ಲಿ ಆರಿಸಿ, ಬೂದಿಯ ಜೊತೆ ಡಬ್ಬಿಯಲ್ಲಿ ತುಂಬಿ, ಮೇಲೆ ಹೆಸರು, ತಿಂಗಳು ಬರೆದಿಡಿ. ಈ ಆಶ್ವಯುಜದಲ್ಲಿ ಐದನೆಯ ತಿಂಗಳಾಗಿದ್ದರೆ ಮಾಘದಲ್ಲಿ ಮಗು ಕೈಗೆ ಬರುತ್ತದೆ. ಆರು ತಿಂಗಳು ತಾಯಿಯ ಹಾಲು ಮಾತ್ರ. ಶ್ರಾವಣದ ಹೊತ್ತಿಗೆ ಮಗುವಿಗೆ ಹಾಲಿನ ಜೊತೆ ಮೆತ್ತಗಿನ ಊಟ ಶುರು ಮಾಡಬೇಕು. ಅನ್ನ ಬೇಳೆಗೆ ಬೆಂದ ಸೊಪ್ಪು ಮಸೆದು ಸೇರಿಸಿದರೆ ಅದಕ್ಕಿಂತ ಒಳ್ಳೆಯ ತುತ್ತು ಬೇರೆ ಬೇಡ. ಬೀಜದ ಡಬ್ಬಿ ಮನೆಯಲ್ಲಿದ್ದರೆ ಆ ಸೊಪ್ಪನ್ನು ಸಂತೆಯಲ್ಲಿ ಹುಡುಕುವ ಪ್ರಸಂಗ ಬಾರದು.

ಈ ವಾರ ಮಾಡಬೇಕಾದದ್ದು ಮೂರೇ ಕೆಲಸ: ಜಾಗ ಅಳೆಯಿರಿ, ಕಳಿತ ಗೊಬ್ಬರ ಐದು ಬುಟ್ಟಿ ತೆಗೆದಿಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದ ಅಂಕಿ ಬರೆಸಿಕೊಂಡು ಬನ್ನಿ. ನಿಮ್ಮ ಹಿತ್ತಲು ಹಸಿರಾಗಲಿ, ನಿಮ್ಮ ಮನೆ ತಂಪಾಗಿರಲಿ.